ಮಟ್ಟೆ ನೆನೆಸಿ ನೀರು ನೋಡುವ ಗಂಗಕ್ಕ

ಗುಡ್ಡದಪಾಳ್ಯದಲ್ಲಿ ಬೆಳಗ್ಗೆ ಆರೂಕಾಲಿಗೆ ನಲ್ಲಿಯಲ್ಲಿ ನೀರು ಬರದಿದ್ದರೆ ಜನ ತಮ್ಮ ಗಡಿಯಾರ ಕೆಟ್ಟಿದೆ ಎಂದುಕೊಳ್ಳುತ್ತಾರೆಯೇ ಹೊರತು ಗಂಗಲಕ್ಷ್ಮಿ ತಡ ಮಾಡಿದ್ದಾರೆ ಎಂದುಕೊಳ್ಳುವುದಿಲ್ಲ. ಅಷ್ಟು ನಂಬಿಕೆ! ಗಂಗಲಕ್ಷ್ಮಿ ಅಂದರೆ ನಮ್ಮೂರ ನೀರುಗಂಟಿ, ನಮಗೆಲ್ಲ ಗಂಗಕ್ಕ. ಪಂಚಾಯ್ತಿ ಕಾಗದದಲ್ಲಿ ಅವರ ಹುದ್ದೆ ‘ವಾಟರ್‌ಮ್ಯಾನ್’ ಎಂದೇ ಇದೆ. ಒಮ್ಮೆ ಹೊಸ ಸಾಹೇಬರೊಬ್ಬರು ಬಂದು, “ಎಲ್ಲಿ ಈ ಊರಿನ ವಾಟರ್‌ಮ್ಯಾನು?” ಅಂತ ಸುತ್ತ ನೋಡಿದರಂತೆ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕೈಯಲ್ಲಿ ಪೈಪು ಬಿಗಿಯುವ ಪಾನ ಹಿಡಿದು ಎದುರಿಗೇ ನಿಂತಿದ್ದ ಈಕೆ, “ನಾನೇ ಕಣ್ರೀ ಮ್ಯಾನು. ಏನಾಗ್ಬೇಕಿತ್ತು?” ಅಂದರಂತೆ.

ಗಂಗಕ್ಕನಿಗೆ ಈಗ ಐವತ್ತಮೂರು ವರ್ಷ. ಅವರ ಗಂಡ ಶಿವರಾಜಣ್ಣ ತೋಟ ತೋಟ ತಿರುಗಿ ಎಳನೀರು ಕೆಡವುವವರು, ಕಾಯಿ ಸುಲಿಯುವವರು. ಮಾತು ಕಡಿಮೆ. ಮನೆಯ ಮಾತನ್ನೆಲ್ಲ ಹೆಂಡತಿಗೆ ಗುತ್ತಿಗೆ ಕೊಟ್ಟುಬಿಟ್ಟಿದ್ದಾರೆ ಎಂದು ಊರವರು ತಮಾಷೆ ಮಾಡುತ್ತಾರೆ.

ನಮ್ಮೂರ ನೀರಿನ ವ್ಯವಸ್ಥೆ ಬಹಳ ಸುಲಭ. ಚಿಕ್ಕನಾಯಕನಹಳ್ಳಿಯಿಂದ ಹುಳಿಯಾರಿನ ಕಡೆಗೆ ಹೋಗುವಾಗ ಕೆಂಪು ಗುಡ್ಡಗಳ ಸಾಲು ಕಾಣುತ್ತದಲ್ಲ, ಅದರಲ್ಲಿ ಒಂದು ನಮ್ಮ ಕೆಂಗಲ್ಲುಗುಡ್ಡ. ಅದರ ನೆತ್ತಿಯ ಹತ್ತಿರ ಬಂಡೆಯ ಸಂದಿನಲ್ಲಿ ನೀರು ಜಿನುಗಿ, ಸಣ್ಣ ತೊರೆಯಾಗಿ ಇಳಿಯುತ್ತದೆ. ಅರ್ಧ ದಾರಿಯಲ್ಲಿ ಆ ತೊರೆಗೆ ಒಂದು ಪೈಪು. ಪೈಪಿನ ನೀರು ಗುಡ್ಡದ ಬುಡದ ಸಿಮೆಂಟ್ ತೊಟ್ಟಿಗೆ ಬೀಳುತ್ತದೆ, ಅಲ್ಲಿಂದ ಊರಿನ ನಲ್ಲಿಗಳಿಗೆ. ಮೋಟರಿಲ್ಲ, ಕರೆಂಟಿಲ್ಲ. ವಾಲ್ವು ತಿರುಗಿಸಿದರೆ ನೀರು ಊರಿಗೆ, ತಿರುಗಿಸದಿದ್ದರೆ ತನ್ನ ಪಾಡಿಗೆ ತಾನು ಹಳ್ಳಕ್ಕೆ. ಬೇಸಿಗೆಯಲ್ಲಿ ತೊರೆ ದಾರದಷ್ಟು ಸಣ್ಣಗಾದಾಗ ಮಾತ್ರ ಪಂಚಾಯ್ತಿ ಬೋರ್‌ವೆಲ್‌ನಿಂದ ಟ್ಯಾಂಕರ್ ತರಿಸುತ್ತಾರೆ.

ಆ ಪೈಪಿನ ಲೈನನ್ನು ಮೊದಲು ನೋಡಿಕೊಳ್ಳುತ್ತಿದ್ದವರು ಗಂಗಕ್ಕನ ಅವ್ವ ಭೂತಮ್ಮ. ಈಗ ಅವರಿಲ್ಲ, ಅವರ ಒಂದು ಪದ್ಧತಿ ಮಾತ್ರ ಉಳಿದಿದೆ. ಮಳೆನೀರು ಇಳಿಯುವಾಗ ಎಲೆ, ಕಡ್ಡಿ, ಹುಳ ಹುಪ್ಪಟೆ ತೊಟ್ಟಿಗೆ ಬೀಳಬಾರದು ಅಂತ ತೊಟ್ಟಿಯ ಬಾಯಿಗೆ ತೆಂಗಿನ ಮಟ್ಟೆ ತುಂಬುವುದು. ಕಾಯಿಯ ಮೇಲಿನ ಆ ನಾರಿನ ಹೊದಿಕೆ ಇದೆಯಲ್ಲ, ಅದೇ. ನಮ್ಮ ಸೀಮೆಯಲ್ಲಿ ಮಟ್ಟೆಗೆ ಬರವೇ? ಒಣಗಿದ್ದಾದರೂ ಸರಿ, ಹಸಿಯದಾದರೂ ಸರಿ, ಸಿಕ್ಕಿದ್ದನ್ನು ತುಂಬುವುದು, ಕಸ ಹಿಡಿದ ಮೇಲೆ ತೆಗೆದು ಬಿಸಾಕುವುದು. ಭೂತಮ್ಮ ಹಾಗೇ ಮಾಡಿದರು, ಮಗಳೂ ಹಾಗೇ ಮಾಡಿದರು.

ಹೋದ ವರ್ಷ ಏನಾಯಿತೆಂದರೆ, ಯುಗಾದಿ ಕಳೆದರೂ ಒಂದು ಹನಿ ಬೀಳಲಿಲ್ಲ. ಬಿಸಿಲು ಎಂಥದ್ದು ಅಂದರೆ ಗುಡ್ಡದ ತೊರೆ ನಿಂತೇ ಹೋಯಿತು. ಸಣ್ಣಗಾಗುವುದು ಬೇರೆ, ಪೂರ್ತಿ ನಿಲ್ಲುವುದು ಬೇರೆ. ಆಮೇಲೆ ರೋಹಿಣಿ ಮಳೆ ಬಂತು ನೋಡಿ, ಮೂರು ತಿಂಗಳ ಬಾಕಿಯನ್ನೆಲ್ಲ ಒಂದೇ ಮಧ್ಯಾಹ್ನ ಸುರಿದು ಹೋಯಿತು. ತೊರೆ ಧೋ ಎಂದು ಇಳಿಯಿತು. ಗಂಗಕ್ಕನ ಖುಷಿಗೆ ಪಾರವಿಲ್ಲ.

ಅದೇ ದಿನ ದೊಡ್ಡರಂಗಯ್ಯನವರ ಹೊಸಮನೆ ಗೃಹಪ್ರವೇಶ. ಬಂದವರಿಗೆಲ್ಲ ಎಳನೀರು. ಕೊಚ್ಚಿ ಕೊಟ್ಟವರು ಶಿವರಾಜಣ್ಣನೇ. ಸಂಜೆ ಮನೆಯ ಹಿಂದೆ ಎಳನೀರು ಬುರುಡೆಯ ಒಂದು ಗುಡ್ಡವೇ ಬಿದ್ದಿತ್ತು. “ಇದ್ಯಾಕ್ ದಂಡ ಮಾಡೋದು?” ಎಂದು ಗಂಗಕ್ಕ ಗಂಡನ ಕೈಯಲ್ಲಿ ಅವನ್ನು ಸೀಳಿಸಿ, ನಾಲ್ಕು ಚೀಲ ಹಸಿ ಮಟ್ಟೆ ಹೊರಿಸಿಕೊಂಡು ಹೋಗಿ ತೊಟ್ಟಿಯ ಬಾಯಿಗೆ ಗಿಡಿದರು. ಮರುದಿನ ಆರೂಕಾಲಿಗೆ ಸರಿಯಾಗಿ ನೀರು ಬಿಟ್ಟರು.

ಏಳು ಗಂಟೆಗೆ ದೊಡ್ಡರಂಗಯ್ಯ ಒಂದು ಒದ್ದೆ ಪಂಚೆಯನ್ನು ಎರಡು ಕೈಯಲ್ಲೂ ಎತ್ತಿ ಹಿಡಿದುಕೊಂಡು ಬೀದಿಯ ನಡುವೆ ಬಂದರು.

“ಗಂಗೀ! ಬಿಳೀ ಪಂಚೆ ನೆನೆಯಾಕಿದ್ದೆ ಕಣೇ. ಮಳೆ ಮೋಡ ಎತ್ಕಂಡ್ ಬಂದಿವ್ನಿ ನೋಡು!”

ನಿಜವಾಗಿಯೂ ಪಂಚೆ ಮೋಡದ ಬಣ್ಣಕ್ಕೆ ತಿರುಗಿತ್ತು. ಅವರ ಹಿಂದೆಯೇ ಪಕ್ಕದ ಮನೆಯ ಗಿರಿಜಾಂಬಿಕಾ ಚೊಂಬು ಹಿಡಿದು ಬಂದರು.

“ಟೀಗಿಟ್ಟಿದ್ದೆ ಕಣಕ್ಕ. ಸ್ಲೇಟು ತೊಳೆದ ನೀರು ಆಗೈತೆ. ಹಾಲಾಕಿದ್ರೆ ಬೂದಿ ಬಣ್ಣ. ನಮ್ಮನೆಯವ್ರು ಕುಡಿಯಲ್ಲ ಅಂತ ಎಮ್ಮೆಗಿಟ್ರು, ಎಮ್ಮೆನೂ ಮೂತಿ ತಿರುಗಿಸ್ತು.”

ಗೃಹಪ್ರವೇಶಕ್ಕೆ ಅರಳಗುಪ್ಪೆಯಿಂದ ಬಂದು ಉಳಿದಿದ್ದ ದೊಡ್ಡರಂಗಯ್ಯನವರ ಭಾವಮೈದುನ ಜಗಲಿಯ ಮೇಲೆ ಕೂತೇ ಕೂಗಿದ. “ಏನ್ ಭಾವ, ನಿಮ್ಮೂರಲ್ಲಿ ಓದೋ ಮಕ್ಕಳಿಗೆ ಅಂತ ನಲ್ಲೀಲೇ ಶಾಯಿ ಬಿಡ್ತಾರಾ?”

ಬೀದಿಗೆ ಬೀದಿಯೇ ನಕ್ಕಿತು. ಗಂಗಕ್ಕ ಮಾತ್ರ ನಗಲಿಲ್ಲ. ಓಡಿಹೋಗಿ ವಾಲ್ವು ಕಟ್ಟಿ, ತೊಟ್ಟಿಯ ಬಾಯಿಂದ ಮಟ್ಟೆ ಹಿರಿದು ನೋಡಿದರೆ ಒಂದೊಂದೂ ಕಾಗೆಯಷ್ಟು ಕಪ್ಪು. ತೊಟ್ಟಿ ಬರಿದು ಮಾಡಿ ಉಜ್ಜುವಷ್ಟರಲ್ಲಿ ಮಧ್ಯಾಹ್ನವಾಯಿತು.

ಸಂಜೆ ಪಂಚಾಯ್ತಿ ಅಧ್ಯಕ್ಷರು ಬಸವರಾಜಪ್ಪ ಬಂದರು. ಒಳ್ಳೆಯ ಮನುಷ್ಯರೇ. ಯಾವ ಕೆಲಸಕ್ಕೂ ಎರಡು ಸಲ ಯೋಚನೆ ಮಾಡುವುದಿಲ್ಲ, ಅದೊಂದೇ ತೊಂದರೆ.

“ನೋಡು ಗಂಗವ್ವ, ಮಟ್ಟೆ ಗಿಟ್ಟೆ ತುರುಕೋ ಕಾಲ ಹೋಯ್ತು. ಈ ಗುಡ್ಡದ ಲೈನ್ ಸಹವಾಸಾನೇ ಬ್ಯಾಡ. ಬೋರ್‌ವೆಲ್‌ನಿಂದ್ಲೇ ಲೈನ್ ಎಳೆಸ್ತೀನಿ. ತಿಂಗಳ ಕೊನೇಲಿ ಗ್ರಾಮಸಭೆ ಐತಲ್ಲ, ಅಲ್ಲಿ ಬರೆಸ್ಬುಡ್ತೀನಿ.”

“ಮತ್ತೆ ನಾನು?”

“ನಿನ್ನ ಕೆಲಸಕ್ಕೇನೂ ಆಗಲ್ಲ ಕಣವ್ವ. ಬೆಳಗ್ಗೆ ಒಂದ್ ಬಟನ್ ಒತ್ತು, ಸಂಜೆ ಒಂದ್ ಬಟನ್ ಒತ್ತು. ರಾಣಿ ಥರ ಇರು.”

“ಬಟನ್ ಒತ್ತೋಕೆ ನಾನ್ಯಾಕ್ರೀ? ಗೋಡೆ ಮೇಲಿನ ಹಲ್ಲಿ ಜಾರಿಬಿದ್ರೂ ಬಟನ್ ಒತ್ತುತ್ತೆ!”

ಅವರು ನಗುತ್ತ ಹೊರಟುಹೋದರು. ಗಂಗಕ್ಕ ಅಂದು ಊಟಕ್ಕೆ ಕೂರಲಿಲ್ಲ. ಗುಡ್ಡದ ಮೇಲಿನ ಆ ಪೈಪುಗಳನ್ನು ಅವರವ್ವ ತಲೆಯ ಮೇಲೆ ಹೊತ್ತು ಸಾಗಿಸಿದ್ದು. ಯಾವ ಜಾಯಿಂಟು ಯಾವಾಗ ಸೋರುತ್ತದೆ ಎಂದು ಇವರಿಗೆ ಕಾಲಿನಲ್ಲೇ ಗೊತ್ತಾಗುತ್ತದೆ. ಆ ಲೈನು ಮುಚ್ಚಿಹೋದರೆ? ಅದೂ ತನ್ನದೇ ತಪ್ಪಿನಿಂದ?

“ಆದ್ರೆ ನಂದ್ ತಪ್ಪೇನು ಅಂತ,” ಎಂದು ಗಂಡನ ಮುಂದೆ ಕೂತರು. “ಅವ್ವ ಹಸೀದು ಹಾಕ್ತಿರ್ಲಿಲ್ವಾ? ನಾನೇ ಎಷ್ಟು ಸಲ ಹಾಕಿಲ್ಲ? ಒಂದ್ ದಿನಾನೂ ಕಪ್ಪಾಗಿರ್ಲಿಲ್ಲ.”

ಶಿವರಾಜಣ್ಣ ಅಂಗಳದಲ್ಲಿ ಮಚ್ಚು ಮಸೆಯುತ್ತಿದ್ದರು. ಅವರು ಮಾತಾಡುವುದೇ ಅಪರೂಪ, ಅವತ್ತು ಮಾತಾಡಿದರು. ಮಚ್ಚನ್ನು ಮುಂದೆ ಹಿಡಿದು, “ಇಲ್ನೋಡೇ ಗಂಗಿ. ಎಳನೀರು ಕೊಚ್ಚಿ ಒರೆಸ್ದೆ ಇಟ್ರೆ ದಿನಾ ಇಂಗೇ ಕಪ್ಪಾಗ್ತದೆ. ಮಟ್ಟೇಲಿ ಒಗರೈತೆ, ಮಚ್ಚಲ್ಲಿ ಕಬ್ಬಿಣ ಐತೆ. ಒಗರು ಕಬ್ಬಿಣ ಕೂಡಿದ್ರೆ ಮಸೀನೇ. ನಮ್ಮಜ್ಜ ಅಳಲೆಕಾಯಿ ನೆನೆಸಿ ಕಬ್ಬಿಣದ ಚೂರಾಕಿ ಮಸಿ ಮಾಡ್ತಿದ್ದ,” ಅಂದರು.

“ತೊಟ್ಟೀಲಿ ಯಾರ್ ಮಚ್ಚು ಬಿಟ್ಟಿದ್ರು ಮತ್ತೆ?”

“ಅದ್ನೇ ನಾನು ಕೇಳ್ತಿರೋದು.” ಅಷ್ಟು ಹೇಳಿ ಶಿವರಾಜಣ್ಣ ಮತ್ತೆ ಮಸೆಯತೊಡಗಿದರು. ಆ ವಾರದ ಮಾತಿನ ಕೋಟಾ ಮುಗಿದಿತ್ತು.

ಗಂಗಕ್ಕ ಎದ್ದು ಮನೆಯಲ್ಲಿದ್ದ ಉಪ್ಪಿನಕಾಯಿ ಬಾಟ್ಲಿಗಳನ್ನೆಲ್ಲ ಬರಿದು ಮಾಡಿ ತೊಳೆದರು. ಒಂದರಲ್ಲಿ ಬೋರ್‌ವೆಲ್ ನೀರು, ಒಂದರಲ್ಲಿ ತೋಟದ ಬಾವಿ ನೀರು, ಒಂದರಲ್ಲಿ ಹೊಂಡದ ಮಳೆನೀರು, ಇನ್ನೊಂದರಲ್ಲಿ ಗುಡ್ಡದ ತೊರೆ ನೀರು. ನಾಲ್ಕಕ್ಕೂ ಒಂದೇ ಬುರುಡೆಯ ಹಸಿ ಮಟ್ಟೆಯ ಚೂರು. ಮೂರು ಬಾಟ್ಲಿ ತೆಳ್ಳನೆ ಟೀ ಬಣ್ಣಕ್ಕೆ ತಿರುಗಿದವು. ತೊರೆ ನೀರಿನದು ಮಾತ್ರ ಕಣ್ಣೆದುರಿಗೇ ಕಪ್ಪಾಯಿತು. ಅಂದರೆ ಮಟ್ಟೆ ಮೊದಲಿನದೇ, ಬದಲಾಗಿರುವುದು ನೀರು!

ವಾಲ್ವು ಕಟ್ಟೇ ಇತ್ತು, ಊರಿಗೆ ಟ್ಯಾಂಕರ್ ನೀರು. ಅಂದಿನಿಂದ ದಿನಾ ಬೆಳಗ್ಗೆ ತೊರೆಗೆ ಹತ್ತಿ ಒಂದು ಬಾಟ್ಲಿ ನೀರು ತಂದು ಮಟ್ಟೆ ಹಾಕಿ ಮುಚ್ಚಳ ಬಿಗಿದು, ಮೇಲೆ ಸುಣ್ಣದಲ್ಲಿ ತಾರೀಕು ಬರೆದು ಅಟ್ಟದ ಮೇಲೆ ಸಾಲಾಗಿ ಇಡತೊಡಗಿದರು. ಬಾಟ್ಲಿ ಸಾಲದೆ ಊರಿನವರ ಮನೆಯಲ್ಲೆಲ್ಲ ಕೇಳಿ ತಂದರು. ಯಾರ ಮನೆಯ ಉಪ್ಪಿನಕಾಯಿಗೂ ಉಳಿಗಾಲವಿರಲಿಲ್ಲ.

ಹೀಗೆ ಹತ್ತುತ್ತಿರುವಾಗಲೇ ಒಂದು ದಿನ ತೊರೆಯ ಪಕ್ಕ ಟೋಪಿ ಹಾಕಿಕೊಂಡ ಒಬ್ಬ ಯುವಕ ಕೂತಿದ್ದ. ಅವನ ಕೈಯಲ್ಲೂ ಬಾಟ್ಲಿ! ಗಂಗಕ್ಕ ಸೊಂಟದ ಮೇಲೆ ಕೈಯಿಟ್ಟು ನಿಂತರು.

“ಯಾರಪ್ಪ ನೀನು, ನನ್ನ ನೀರು ಕದಿಯೋನು?”

ಅವನು ಗಾಬರಿಯಿಂದ ಎದ್ದ. ಹೆಸರು ಸಿದ್ದಾರ್ಥ್, ತುರುವೇಕೆರೆ ತಾಲ್ಲೂಕು ದಂಡಿನಶಿವರದವನು. ಗುಡ್ಡದ ತೊರೆಗಳ ನೀರು ಹವಾಮಾನ ಬದಲಾದಂತೆ ಹೇಗೆ ಬದಲಾಗುತ್ತದೆ ಎಂದು ಓದುತ್ತಿರುವ ಸಂಶೋಧನಾ ವಿದ್ಯಾರ್ಥಿ. ಎರಡು ವರ್ಷದಿಂದ ಈ ಸಾಲಿನ ಗುಡ್ಡಗಳಲ್ಲಿ ನೀರು ಹಿಡಿದು ಪರೀಕ್ಷೆ ಮಾಡುತ್ತಿದ್ದಾನಂತೆ. ಈ ಮಳೆ ಬಿದ್ದ ದಿನದಿಂದ ದಿನಾ ಸಂಜೆ ಹೊತ್ತು ಇಲ್ಲಿಗೂ ಬರುತ್ತಿದ್ದನಂತೆ. ಅವನ ಚೀಲದಲ್ಲಿ ಕಡ್ಡಿಯಂಥ ಮೀಟರುಗಳು, ಸಣ್ಣ ಸಣ್ಣ ಪೊಟ್ಟಣಗಳು.

“ಈ ನೀರಲ್ಲಿ ಕಬ್ಬಿಣ ಐತೇನಪ್ಪ?” ಗಂಗಕ್ಕ ನೇರವಾಗಿ ಕೇಳಿದರು.

ಸಿದ್ದಾರ್ಥ್ ಕಣ್ಣರಳಿಸಿದ. “ಐತೆ ಅಕ್ಕ. ಮ್ಯಾಂಗನೀಸೂ ಐತೆ. ನಿಮ್ಗೆಂಗೆ ಗೊತ್ತಾಯ್ತು? ಯಾವ ಲ್ಯಾಬಲ್ಲಿ ತೋರ್ಸಿದ್ರಿ?”

“ಅಟ್ಟದ್ ಲ್ಯಾಬಲ್ಲಿ.”

ಅವನನ್ನು ಮನೆಗೆ ಕರೆದುಕೊಂಡು ಹೋಗಿ ಬಾಟ್ಲಿಗಳ ಸಾಲು ತೋರಿಸಿದರು. ಅವನು ಅಟ್ಟದ ಏಣಿಯ ಮೇಲೆ ನಿಂತವನು ಇಳಿಯಲೇ ಇಲ್ಲ. ತನ್ನ ಪುಸ್ತಕ ತೆಗೆದು, ಒಂದೊಂದು ತಾರೀಕಿನ ಲೆಕ್ಕವನ್ನೂ ಆ ತಾರೀಕಿನ ಬಾಟ್ಲಿಯ ಬಣ್ಣಕ್ಕೆ ಹೊಂದಿಸಿ ನೋಡಿದ. ಕಬ್ಬಿಣ ಹೆಚ್ಚಿದ್ದ ದಿನ ಬಾಟ್ಲಿ ಕಡುಗಪ್ಪು, ಕಡಿಮೆಯಾದಂತೆ ಬೂದಿ, ಆಮೇಲೆ ತಿಳಿ ಟೀ ಬಣ್ಣ. “ಅಕ್ಕ, ನನ್ ಮೀಟರ್ರೂ ನಿಮ್ ಮಟ್ಟೇನೂ ಒಂದೇ ಮಾತು ಹೇಳ್ತಾವೆ!” ಅಂದ.

“ನಿನ್ ಮೀಟರ್ರು ಸರಿಯಾಗೈತೆ ಅಂತಾಯ್ತು ಬುಡು,” ಅಂದರು ಗಂಗಕ್ಕ.

ಆಮೇಲೆ ಅವನು ಕೂತು ಬಿಡಿಸಿ ಹೇಳಿದ. ಕೆಂಗಲ್ಲುಗುಡ್ಡದ ಹೊಟ್ಟೆಯಲ್ಲಿ ಅದಿರಿನ ಕಲ್ಲಿದೆ, ಕೆಲವು ಕಲ್ಲಿನಲ್ಲಿ ಗಂಧಕವೂ ಸೇರಿದೆ. ಮೊದಲು ವರ್ಷವಿಡೀ ಆಗಾಗ ಸಣ್ಣ ಮಳೆ ಬಿದ್ದು ಗುಡ್ಡದ ಒಳಗು ತಂಪಾಗಿ ನೀರಲ್ಲಿ ಮುಳುಗಿರುತ್ತಿತ್ತು. ಈಗ ಬೇಸಿಗೆ ಉದ್ದ, ಬಿಸಿಲು ಜಾಸ್ತಿ. ಒಳಗಿನ ನೀರು ಕೆಳಕ್ಕಿಳಿದು ಕಲ್ಲಿಗೆ ಗಾಳಿ ತಾಗುತ್ತದೆ. ಗಾಳಿ ತಾಗಿದರೆ ಗಂಧಕ ಹುಳಿಯಾಗುತ್ತದೆ, ಹುಳಿ ಕಬ್ಬಿಣವನ್ನು ಕರಗಿಸುತ್ತದೆ.

“ಹುಣಸೆಹಣ್ಣಾಕಿ ಕಬ್ಬಿಣದ ಬಾಂಡ್ಲಿ ಉಜ್ಜಿದಂಗೆ,” ಅಂದರು ಗಂಗಕ್ಕ.

“ಅಂಗೇ ಅಕ್ಕ! ಆಮೇಲೆ ಒಂದೇ ಸಲ ಜಡಿಮಳೆ ಹೊಡೀತಲ್ಲ, ಆಗ ಕೂಡಿಟ್ಟಿದ್ದೆಲ್ಲ ತೊಳ್ಕಂಡು ಬತ್ತದೆ. ನಮ್ ಗುಡ್ಡ ಒಂದೇ ಅಲ್ಲ. ಹಿಮ ಬೀಳೋ ಎತ್ತರದ ಬೆಟ್ಟಗಳಲ್ಲೂ ಇದೇ ಕತೆ. ಅಲ್ಲಿ ನೆಲದಲ್ಲಿ ಹೆಪ್ಪುಗಟ್ಟಿದ್ದ ಮಂಜು ಕರಗಿ, ಕಲ್ಲಿಗೆ ಗಾಳಿ ನೀರು ತಾಗಿ, ಕೆಲವು ಕಡೆ ತೊರೆಗಳು ಕಿತ್ತಳೆ ಬಣ್ಣಕ್ಕೆ ತಿರುಗವೆ.”

“ಅಯ್ಯೋ ಪಾಪ. ಅವ್ರಿಗೂ ಒಂದೊಂದ್ ಮಟ್ಟೆ ಕಳ್ಸು.”

ಗ್ರಾಮಸಭೆಯ ದಿನ ಗಂಗಕ್ಕ ಮೊದಲ ಹದಿನಾರು ದಿನದ ಬಾಟ್ಲಿಗಳನ್ನು ಎರಡು ಮಂಕರಿಯಲ್ಲಿ ತುಂಬಿಸಿ, ಒಂದನ್ನು ಗಂಡನ ತಲೆಗೆ, ಒಂದನ್ನು ತನ್ನ ತಲೆಗೆ ಇಟ್ಟುಕೊಂಡು ಶಾಲೆಯ ಅಂಗಳಕ್ಕೆ ಬಂದರು. ಮೊದಲು ಆ ನಾಲ್ಕು ಥರದ ನೀರನ್ನೂ ನಾಲ್ಕು ಲೋಟದಲ್ಲಿ ಇಟ್ಟು ಎಲ್ಲರೆದುರಿಗೂ ಮಟ್ಟೆ ಹಾಕಿದರು. ಪಂಚೆಯ ದುಃಖ ಇನ್ನೂ ಮರೆಯದ ದೊಡ್ಡರಂಗಯ್ಯ ಮುಂದೆಯೇ ಕೂತು ಬಗ್ಗಿ ನೋಡಿದರು. ತೊರೆಯ ಮೊದಲ ದಿನದ ನೀರನ್ನು ಸಿದ್ದಾರ್ಥ್ ಒಂದು ಕ್ಯಾನಿನಲ್ಲಿ ಹಿಡಿದಿಟ್ಟಿದ್ದ. ಅದನ್ನು ಹಾಕಿದ ಲೋಟ ಕಪ್ಪಾಯಿತು, ಉಳಿದವು ಆಗಲಿಲ್ಲ.

“ನೋಡ್ರಪ್ಪ, ಮಟ್ಟೆ ತಪ್ಪಿಲ್ಲ, ನನ್ ತಪ್ಪೂ ಇಲ್ಲ. ನೀರೇ ಬದಲಾಗೈತೆ.”

ಬಸವರಾಜಪ್ಪ ತೊಡೆ ತಟ್ಟಿ ನಕ್ಕರು. “ಭೇಷ್ ಗಂಗವ್ವ! ಗುಡ್ಡದ ನೀರು ಕೆಟ್ಟೈತೆ ಅಂತ ನೀನೇ ಸಾಕ್ಷಿ ಹೇಳ್ಬುಟ್ಟೆ. ಬರ್ಕೊಳ್ರೀ ಸೆಕ್ರೆಟ್ರಿ, ಲೈನ್ ಬಂದ್!”

ಎಲ್ಲರೂ ಗಂಗಕ್ಕನ ಮುಖ ನೋಡಿದರು. ಹೌದಲ್ಲ! ಮಟ್ಟೆಯನ್ನು ಬಿಡಿಸಲು ಹೋಗಿ ನೀರನ್ನೇ ಸಿಕ್ಕಿಸಿಬಿಟ್ಟಿದ್ದರು.

ಆಮೇಲೆ ಅವರು ಮಂಕರಿಯ ಮೇಲಿನ ಟವಲು ತೆಗೆದು, ಬಾಟ್ಲಿಗಳನ್ನು ಒಂದೊಂದಾಗಿ ಜಗಲಿಯ ಅಂಚಿಗೆ ಜೋಡಿಸಿದರು. ಮೊದಲನೆಯದು ಇದ್ದಿಲು. ಮೂರನೆಯದು ನೇರಳೆ. ಐದನೆಯದು ಬೂದಿ. ಒಂಬತ್ತನೆಯದಕ್ಕೆ ಬರುವಷ್ಟರಲ್ಲಿ ತೆಳ್ಳನೆ ಟೀ. ಅಲ್ಲಿಂದ ಹದಿನಾರರವರೆಗೂ ತೆಳ್ಳನೆ ಟೀಯೇ.

“ಅಧ್ಯಕ್ರೇ, ನೀರು ಕೆಟ್ಟಿರೋದು ಎಂಟ್ ದಿನ. ಎಂಟ್ ದಿನದ್ ಜ್ವರಕ್ಕೆ ಯಾರಾದ್ರೂ ಸೊಸೇನ ತವರಿಗೆ ಕಳ್ಸಿ ಬಾಗ್ಲಾಕ್ತಾರಾ? ಬೇಸಿಗೆ ಕಳೆದು ಜೋರು ಮಳೆ ಬಿದ್ರೆ ಮೊದಲ ನೀರ್ನ ಹಳ್ಳಕ್ಕೆ ಬುಡ್ತೀನಿ. ದಿನಾ ಮಟ್ಟೆ ನೆನೆಸಿ ನೋಡ್ತೀನಿ. ಬಾಟ್ಲಿ ತಿಳಿಯಾದ್ ದಿನವೇ ವಾಲ್ವ್ ತೆಗೆಯೋದು. ಅಲ್ಲೀಗಂಟ ನಿಮ್ ಬೋರ್‌ವೆಲ್ ಟ್ಯಾಂಕರ್ ಬರ್ಲಿ. ಒಂದ್ ಮಳೆಗಾಲ ನೋಡಿ. ಒಂದೇ ಒಂದ್ ದಿನ ನಲ್ಲೀಲಿ ಕೆಟ್ಟ ನೀರು ಬಂದ್ರೆ, ನಾನೇ ನನ್ ಕೈಯಾರೆ ಲೈನ್ ಮುಚ್ತೀನಿ.”

ಸಿದ್ದಾರ್ಥ್ ಎದ್ದು, ಮಟ್ಟೆ ಕಬ್ಬಿಣವನ್ನಷ್ಟೇ ತೋರಿಸುತ್ತದೆ, ಮ್ಯಾಂಗನೀಸನ್ನು ತೋರಿಸುವುದಿಲ್ಲ, ಅದಕ್ಕೆ ತಾನು ತಿಂಗಳಿಗೊಮ್ಮೆ ಬಂದು ಮೀಟರಿನಲ್ಲಿ ನೋಡಿ ಹೇಳುತ್ತೇನೆ ಎಂದ. ಸೆಕ್ರೆಟರಿ ‘ಲೈನ್ ಬಂದ್’ ಎಂದು ಬರೆದದ್ದನ್ನು ಹೊಡೆದುಹಾಕಿ ‘ಒಂದು ಮಳೆಗಾಲ ಪರೀಕ್ಷೆಗೆ’ ಎಂದು ಬರೆದರು.

ಪರೀಕ್ಷೆ ಬಂದದ್ದು ಉತ್ತರೆ ಮಳೆಯಲ್ಲಿ. ಆಗಸ್ಟ್ ಪೂರ್ತಿ ಒಣಗಿಸಿ, ಸೆಪ್ಟೆಂಬರಿನಲ್ಲಿ ಎರಡು ದಿನ ಬಡಿದ ಮಳೆ. ತೊರೆ ತುಂಬಿ ಹರಿಯಿತು, ಗಂಗಕ್ಕ ವಾಲ್ವು ಕಟ್ಟಿದರು. ಕಟ್ಟಿದ ಮೂರನೇ ದಿನ ಅಧ್ಯಕ್ಷರ ಮನೆಯಲ್ಲೇ ಮಗಳ ಸೀಮಂತ! ಬೆಳಗ್ಗೆ ಐದೂವರೆಗೆ ಬಸವರಾಜಪ್ಪ ಬೈಕಿನಲ್ಲಿ ಬಂದರು.

“ಗಂಗವ್ವ, ನಾನೂರು ಜನಕ್ಕೆ ಅಡುಗೆ. ಟ್ಯಾಂಕರ್‌ನವ್ನು ಬೋರನಕಣಿವೆ ಕಡೆ ಹೋಗಿ ಟೈರ್ ಪಂಕ್ಚರ್ ಅಂತವ್ನೆ. ಗುಡ್ಡದಲ್ಲಿ ನೀರು ಹೊಳೆ ಥರ ಹರೀತೈತೆ. ಒಂದ್ ಗಂಟೆ ಬುಡವ್ವ.”

ಗಂಗಕ್ಕ ಒಳಗೆ ಹೋಗಿ ಅಂದಿನ ಬಾಟ್ಲಿ ತಂದು ಬೈಕಿನ ಲೈಟಿಗೆ ಹಿಡಿದರು. ನೇರಳೆ.

“ಬಿಡಾಕಾಗಲ್ಲ ಕಣ್ರೀ.”

“ನಾನು ಅಧ್ಯಕ್ಷ ಕಣವ್ವ!”

“ಅದನ್ನ ನಂಗ್ಯಾಕೆ ಹೇಳ್ತೀರಿ, ಬಾಟ್ಲಿಗ್ ಹೇಳಿ.”

ಅವರು ಬಾಟ್ಲಿ ನೋಡಿದರು, ಗುಡ್ಡ ನೋಡಿದರು, ಗಂಗಕ್ಕನ ಸೊಂಟಕ್ಕೆ ಸಿಕ್ಕಿಸಿದ್ದ ವಾಲ್ವಿನ ಕೀಲಿ ನೋಡಿದರು. “ಬಸುರಿ ಹುಡುಗಿ ಕುಡಿಯೋ ನೀರು ಕಣ್ರೀ ಅದು,” ಎಂದು ಗಂಗಕ್ಕ ದನಿ ತಗ್ಗಿಸಿ ಹೇಳಿದರು. ಅಲ್ಲಿಗೆ ಅಧ್ಯಕ್ಷರ ಕೋಪ ಇಳಿಯಿತು. ಆದರೂ ನಾನೂರು ಜನರ ಅಡುಗೆ ಅಡುಗೆಯೇ ತಾನೆ? ಗಂಗಕ್ಕ ಅವರನ್ನು ಹಾಗೇ ಕಳಿಸಲಿಲ್ಲ. ಬೀದಿಯ ಬಾಗಿಲು ಬಾಗಿಲು ತಟ್ಟಿದರು. ದೊಡ್ಡರಂಗಯ್ಯ ಟ್ರ್ಯಾಕ್ಟರ್ ಹೊರತೆಗೆದರು. ಊರಿನ ಡ್ರಮ್ಮುಗಳೆಲ್ಲ ಅದರ ಮೇಲೇರಿದವು. ತೋಟದ ಬಾವಿಯಿಂದ ಮೂರು ಟ್ರಿಪ್. ಒಂಬತ್ತು ಗಂಟೆಗೆ ಪಾಯಸ ಕುದಿಯುತ್ತಿತ್ತು. ಡ್ರಮ್ಮು ಹೊತ್ತವರಿಗೆಲ್ಲ ಮೊದಲ ಪಂಕ್ತಿ. ಗಂಗಕ್ಕ ಮಾತ್ರ ಪಾಯಸ ತಿನ್ನುವ ಮೊದಲು ನೀರಿನ ಲೋಟವನ್ನು ಬೆಳಕಿಗೆ ಹಿಡಿದು ನೋಡಿದರಂತೆ. ಅಭ್ಯಾಸ!

ವಾಲ್ವು ತೆಗೆದದ್ದು ಏಳನೇ ದಿನ. ಅದಕ್ಕೆ ಮೊದಲು ಸಿದ್ದಾರ್ಥ್ ಬಂದು ಮೀಟರಿಟ್ಟು ನೋಡಿ, ಎಲ್ಲ ಸರಿಯಿದೆ ಎಂದು ತಲೆಯಾಡಿಸಿದ. ಗಂಗಕ್ಕ ಮೊದಲ ಲೋಟ ತಾವೇ ಕುಡಿದು, ಎರಡನೆಯದನ್ನು ಶಿವರಾಜಣ್ಣನಿಗೆ ಕೊಟ್ಟರು. “ಎಂಗೈತೆ?” ಎಂದು ಕೇಳಿದರೆ, “ನೀರಿನಂಗೈತೆ,” ಅಂದರು ಅವರು. ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬೇರೆ ಬೇಕೆ?

ಆ ಮಳೆಗಾಲದಲ್ಲಿ ಒಂದು ದಿನವೂ ನಲ್ಲಿಯಲ್ಲಿ ಕೆಟ್ಟ ನೀರು ಬರಲಿಲ್ಲ. ಜನವರಿಯ ಗ್ರಾಮಸಭೆಯಲ್ಲಿ ಗುಡ್ಡದ ಲೈನು ಉಳಿಸುವುದೆಂದು ತೀರ್ಮಾನವಾಯಿತು. ಜೊತೆಗೆ ಇನ್ನೊಂದು ಸಾಲನ್ನು ಬಸವರಾಜಪ್ಪ ತಾವೇ ಹೇಳಿ ಬರೆಸಿದರು: ‘ಮಳೆಯ ನಂತರ ವಾಲ್ವ್ ತೆರೆಯುವ ದಿನವನ್ನು ವಾಟರ್‌ಮ್ಯಾನ್ ಗಂಗಲಕ್ಷ್ಮಿಯವರೇ ತೀರ್ಮಾನಿಸತಕ್ಕದ್ದು, ಅಧ್ಯಕ್ಷರು ಒತ್ತಾಯಿಸತಕ್ಕದ್ದಲ್ಲ.’

ಈಗ ಮೋಡ ಕಟ್ಟಿ ಎರಡು ಗುಡುಗು ಬಂದರೆ ಸಾಕು, ಅಧ್ಯಕ್ಷರ ಮನೆಯಿಂದ ಫೋನು. “ಗಂಗವ್ವ, ಉಪ್ಪಿನಕಾಯಿ ಬಾಟ್ಲಿ ಖಾಲಿ ಆಗವೆ, ಕಳಿಸ್ಲಾ?”

“ಕಳ್ಸಿ,” ಅನ್ನುತ್ತಾರೆ ಗಂಗಕ್ಕ, “ಈ ಸಲ ತೊಳೆದು ಕಳ್ಸಿ. ಹೋದ ಸಲದ್ರಲ್ಲಿ ಮಾವಿನಕಾಯಿ ಹುಳಿ ಹಂಗೇ ಇತ್ತು, ಒಂದ್ ದಿನದ್ ಪರೀಕ್ಷೆನೇ ಕೆಡಿಸ್ತು.”